ಅಂಗೈಯೊಳಗಿನ ಒಂದು ಗುಟುಕು

ತುಕ್ಕಾನಟ್ಟಿಯ ಬಾವಿ

ಗೋಕಾಕದ ಕೋರ್ಟಿನಲ್ಲಿ ಹೊಲದ ವಾಟ್ನಿ, ಅಂದರೆ ಪಾಲಿನ, ದಾವೆ ನಡೆಸುವ ವಕೀಲನೊಬ್ಬ ಅರವತ್ತು ದಾಟಿದ ಮೇಲೆ ರಬ್ಬರ್ ಅಂಗಿ ಹಾಕಿಕೊಂಡು ಆಸ್ಟ್ರಿಯಾ ದೇಶದ ಕೆರೆಗೆ ಯಾಕೆ ಹಾರಬೇಕು? ವಕೀಲರ ಕೋಣೆಯಲ್ಲಿ ಎಲ್ಲರೂ ಇದನ್ನೇ ಕೇಳಿದರು. ನನ್ನ ಬಳಿ ಉತ್ತರವಿತ್ತು. ಹೇಳಿದರೆ ನಗುತ್ತಾರೆಂದು ಹೇಳಿರಲಿಲ್ಲ.

ಮೊಣಕಾಲು ನೋವಿಗೆ ಡಾಕ್ಟರರು ಸೈಕಲ್ ಹೇಳಿದರು. ಗೋಕಾಕದಿಂದ ಹುಕ್ಕೇರಿ ದಾರಿ ಹಿಡಿದು ನಿಡಸೋಸಿಯವರೆಗೆ, ಅಂದರೆ ನನ್ನ ಹೆಂಡತಿ ನೀಲವ್ವನ ತವರಿನವರೆಗೆ, ತುಳಿಯುವುದು ರೂಢಿಯಾಯಿತು. ಅಳಿಯ ಬೆವರು ಸುರಿಸುತ್ತ ಚಡ್ಡಿಯಲ್ಲಿ ಬಂದು ಅಂಗಳದಲ್ಲಿ ನಿಲ್ಲುವುದು ಅವರಿಗೆ ಮೊದಮೊದಲು ಸಂಕೋಚದ ಸಂಗತಿಯಾಗಿತ್ತು. ಆಮೇಲೆ ಚಹಾ ತಯಾರಿರುತ್ತಿತ್ತು. ಈಜು ಮೊದಲೇ ಬರುತ್ತಿತ್ತು. ತುಕ್ಕಾನಟ್ಟಿಯ ನಮ್ಮ ಹೊಲದ ಬಾವಿಯಲ್ಲಿ ಬೆನ್ನಿಗೆ ಬೆಂಡು ಕಟ್ಟಿಸಿಕೊಂಡು ಕಲಿತದ್ದು. ಸೈಕಲ್ಲಿಗೆ ಈಜು ಸೇರಿತು, ಮೊಣಕಾಲು ಒಪ್ಪಿದ ಮೇಲೆ ಓಟವೂ ಸೇರಿತು. ಮೂರನ್ನೂ ಒಂದರ ಹಿಂದೊಂದು, ನಡುವೆ ಬಿಡುವಿಲ್ಲದೆ ಮಾಡಿದರೆ ಅದಕ್ಕೆ ಟ್ರಯಾಥ್ಲಾನ್ ಎನ್ನುತ್ತಾರೆಂದು ಗೊತ್ತಾದದ್ದು ಕೊನೆಗೆ.

ನಮ್ಮ ದೇಶದಲ್ಲಿ ಎರಡು ಕಡೆ ಹೋಗಿ ಬಂದೆ. ಎರಡೂ ಕಡೆ ನನ್ನ ವಯಸ್ಸಿನ ಗುಂಪಿನಲ್ಲಿ ನಾನೊಬ್ಬನೇ. ಮೊದಲ ಬಹುಮಾನ ನನಗೇ, ಕೊನೆಯ ಸ್ಥಾನವೂ ನನ್ನದೇ. ಎದುರುದಾರ ಹಾಜರಾಗದೆ ಸಿಕ್ಕ ಏಕಪಕ್ಷೀಯ ಡಿಕ್ರಿಯಂಥ ಗೆಲುವು ಅದು. ವಕೀಲನಿಗೆ ಅದರ ಬೆಲೆ ಗೊತ್ತಿರುತ್ತದೆ. ನನ್ನ ಓರಗೆಯವರ ಸಾಲಿನಲ್ಲಿ ಒಮ್ಮೆಯಾದರೂ ನಿಂತು, ಮೊದಲು ಬಂದೆನೋ ಕೊನೆಗೆ ಬಂದೆನೋ ಎಂಬುದು ಖರೆ ಖರೆ ಗೊತ್ತಾಗಬೇಕಿತ್ತು. ಆಸ್ಟ್ರಿಯಾದಲ್ಲಿ ಬಿಳಿಗೂದಲಿನವರೇ ಒಂದು ಹಿಂಡು ಓಡುತ್ತಾರೆಂದು ಕೇಳಿದ್ದೆ. ನಾನು ಹೊರಟದ್ದು ಇಷ್ಟಕ್ಕೇ.

ಕಕ್ಷಿದಾರರಿಗೆ ತಾರೀಖು ಮುಂದೆ ಹೋಯಿತು. ಅದು ಅವರಿಗೆ ಹೊಸದೇನಲ್ಲ.

ಕೆರೆಯ ಊರು

ಊರಿನ ಹೆಸರು ನನ್ನ ಬಾಯಿಗೆ ಕೊನೆಯವರೆಗೂ ಹೊರಳಲಿಲ್ಲ. ಅದನ್ನು ಬಿಟ್ಟೇ ಬರೆಯುತ್ತೇನೆ. ಸುತ್ತ ಗುಡ್ಡ, ನಡುವೆ ಕೆರೆ, ದಂಡೆಗೆ ಕಟ್ಟಿಗೆಯ ಮನೆಗಳು, ಪ್ರತಿ ಕಿಟಕಿಗೂ ಕೆಂಪು ಹೂವಿನ ಕುಂಡ. ರಸ್ತೆಯಲ್ಲಿ ಜನವಿಲ್ಲ. ನಮ್ಮಲ್ಲಿ ಊರು ಇಷ್ಟು ಸುಮ್ಮನಿದ್ದರೆ ಯಾರೋ ದೊಡ್ಡವರು ತೀರಿಕೊಂಡಿರಬೇಕು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನೀಲವ್ವನ ಚೀಲ ಬಿಚ್ಚಿಸಿದ್ದ. ಕಡಕ್ ರೊಟ್ಟಿಯ ಗಂಟನ್ನು ಎತ್ತಿ, ಒಂದನ್ನು ಬೆರಳಿನಿಂದ ಬಡಿದು ನೋಡಿ, ಇದು ಯಾವುದಕ್ಕೆ ಬಳಸುವ ವಸ್ತು ಎಂದು ಕೇಳಿದ. ನೀಲವ್ವ ಮಾತಾಡದೆ ಒಂದು ಚೂರು ಮುರಿದು ಬಾಯಿಗೆ ಹಾಕಿ ಕರುಂ ಕರುಂ ಅಗಿದು ತೋರಿಸಿದಳು. ಚೀಲ ಬಿಟ್ಟರು.

ರಸ್ತೆ ದಾಟುವುದು ಕಷ್ಟದ ಕೆಲಸವಾಯಿತು. ನಾನು ದಂಡೆಯಲ್ಲಿ ನಿಂತರೆ ಬರುವ ಕಾರೂ ನಿಲ್ಲುತ್ತದೆ. ಕಾರು ಹೋಗಲೆಂದು ನಾನು, ನಾನು ಹೋಗಲೆಂದು ಕಾರು. ಗೋಕಾಕದ ಬಸ್ ನಿಲ್ದಾಣದ ಎದುರು ಆಟೋಗಳ ನಡುವೆ ನುಸುಳಿ ಬದುಕಿದವನಿಗೆ ಇಷ್ಟು ಮರ್ಯಾದೆ ಮೈಗೆ ಹತ್ತುವುದಿಲ್ಲ. ಒಬ್ಬ ಮುದುಕ ಕೊನೆಗೆ ಕಾರಿನಿಂದ ಇಳಿದೇ ಬಂದು ನನಗೆ ದಾರಿ ತೋರಿಸಿದ.

ಎದುರಿಗೆ ಬಂದವರು ಗುರುತಿರಲಿ ಬಿಡಲಿ, "ಗ್ರ್ಯೂಸ್ ಗಾಟ್" ಎನ್ನುತ್ತಾರೆ. ದೇವರ ಹೆಸರಿನಲ್ಲಿ ನಮಸ್ಕಾರ ಎಂದು ಅರ್ಥವಂತೆ. ನೀಲವ್ವ ಪ್ರತಿಯೊಬ್ಬರಿಗೂ "ಶರಣ್ರಿ" ಎಂದಳು. ಎರಡು ದಿನದಲ್ಲಿ ನಮಗೆ ಕೋಣೆ ಕೊಟ್ಟ ಹೆಲ್ಗಾ ಎಂಬ ಹೆಂಗಸೂ ಬೆಳಿಗ್ಗೆ "ಷರಣ್ರಿ" ಎನ್ನತೊಡಗಿದಳು. ನಮ್ಮೂರ ಕರದಂಟು ಕೊಟ್ಟರೆ ಆಕೆ ಅದನ್ನು ಫ್ರಿಜ್ಜಿನಲ್ಲಿಟ್ಟು, ಮರುದಿನ ಕಲ್ಲಾದ ಬೆಲ್ಲವನ್ನು ಸುತ್ತಿಗೆಯಿಂದ ಒಡೆದಳು. ನೀಲವ್ವ ಅದನ್ನು ನೋಡಿ ಬಹಳ ಹೊತ್ತು ನಕ್ಕಳು.

ಹಿಂದಿನ ದಿನ

ಕೆರೆಯ ನೀರು ತಣ್ಣಗಿತ್ತು. ರಬ್ಬರ್ ಅಂಗಿ ಕಡ್ಡಾಯ ಎಂದರು. ಬಾಡಿಗೆಗೆ ತಂದು ಹಾಕಿಕೊಳ್ಳಲು ಕುಳಿತಾಗ ಒಂದು ತೊಡಕು ಎದ್ದಿತು.

ನಮ್ಮ ಮನೆತನದಲ್ಲಿ ಇಷ್ಟಲಿಂಗ ಮೈಮೇಲೆಯೇ ಇರಬೇಕು. ಅದು ಇಲ್ಲದೆ ಹನಿ ನೀರನ್ನೂ ಬಾಯಿಗೆ ಬಿಡಬಾರದು. ಒಮ್ಮೆ ಕಳೆ ತೆಗೆಯುವಾಗ ನಮ್ಮವ್ವನ ಶಿವದಾರ ಹರಿದು ಲಿಂಗ ಹೊಲದಲ್ಲಿ ಎಲ್ಲೋ ಬಿತ್ತು. ಅದು ಸಿಗುವವರೆಗೆ ಬಿಸಿಲಲ್ಲಿ ಬಾಯಿಗೆ ಸೆರಗು ಹಿಡಿದು ಹುಡುಕಿದಳೇ ಹೊರತು ನೀರಿನ ಬಿಂದಿಗೆಯ ಕಡೆ ನೋಡಲಿಲ್ಲ. ನಾನು ಅವ್ವನಂಥವನಲ್ಲ. ನನ್ನ ಪೂಜೆ ಜಳಕಕ್ಕೂ ಚಹಾಕ್ಕೂ ನಡುವೆ ಮುಗಿಯುವ ಕೆಲಸ, ಹಲ್ಲುಜ್ಜಿದ ಹಾಗೆ. ನಂಬಿಕೆ ಎಷ್ಟು, ರೂಢಿ ಎಷ್ಟು ಎಂದು ಯಾರಾದರೂ ಪಾಟೀಸವಾಲು ಮಾಡಿದ್ದರೆ ನಾನು ತಡವರಿಸುತ್ತಿದ್ದೆ.

ಬಾವಿಯಲ್ಲಿ ಈಜುವಾಗ ಲಿಂಗವನ್ನು ಬಟ್ಟೆಯಲ್ಲಿ ಕಟ್ಟಿ ರೆಟ್ಟೆಗೆ ಬಿಗಿಯುತ್ತಿದ್ದೆ. ರಬ್ಬರ್ ತೋಳು ಆ ಗಂಟಿನ ಮೇಲೆ ಏರಲಿಲ್ಲ.

"ಕೊಳ್ಳಾಗs ಹಾಕ್ಕೊಳ್ರಿ, ಎದಿ ಮ್ಯಾಲ ಇರ್ತೈತಿ," ಎಂದಳು ನೀಲವ್ವ.

"ಒಂದ್ ದಿನ ನಿನ್ ಕಡೆ ಇರಲಿ ಬಿಡು."

"ನನ್ ಕಡೆ ನಂದೈತಿ. ನಿಮ್ದು ನಿಮ್ ಮೈಮ್ಯಾಲ ಇರಲಿ."

ವಾದ ಮುಗಿಯಿತು. ನನ್ನ ಮನೆಯಲ್ಲಿ ಅಪೀಲಿಗೆ ಅವಕಾಶವಿಲ್ಲ.

ನೀರು

ಬೆಳಿಗ್ಗೆ ಪೂಜೆ ಮಾಡಿ, ಚಹಾ ಕುಡಿದು ಕೆರೆಗೆ ಹೋದೆವು. ನೀರಿಗೆ ಇಳಿಯುವ ಮೊದಲು ಒಬ್ಬ ಬಿಳಿಗೂದಲ ಹೆಂಗಸು ಎಲ್ಲರನ್ನೂ ಪರೀಕ್ಷೆ ಮಾಡುತ್ತಿದ್ದಳು. ಓಟದ ಕಾಯ್ದೆಗೆ ಆಕೆಯೇ ನ್ಯಾಯಾಧೀಶೆ. ನನ್ನ ಎದೆಯ ಮೇಲಿನ ಉಬ್ಬನ್ನು ಬೆರಳಿನಿಂದ ಮೆಲ್ಲಗೆ ಒತ್ತಿ, ಇಂಗ್ಲಿಷಿನಲ್ಲಿ ಕೇಳಿದಳು: "ಹೃದಯಕ್ಕೆ ಯಂತ್ರ ಹಾಕಿಸಿದ್ದೀರಾ?"

"ಯಂತ್ರವಲ್ಲ. ದೇವರು."

ಆಕೆ ನನ್ನ ಮುಖ ನೋಡಿದಳು. ಬೇಲಿಯ ಆಚೆ ನಿಂತಿದ್ದ ನೀಲವ್ವನಿಗೆ ಕನ್ನಡದಲ್ಲಿ ತಿಳಿಸಿದೆ. "ಹೌದಂತ ಹೇಳ್ರಿ," ಎಂದಳು ಅವಳು. "ಎದಿ ನಡಸೂದು ಅದs ಅಲ್ಲೇನು?" ಅದನ್ನು ನಾನು ಅನುವಾದಿಸಲಿಲ್ಲ. ಹೆಂಗಸು ಅಂಗಿಯ ಹಿಂದಿನ ಜಿಪ್ಪನ್ನು ತಾನೇ ಮೇಲೆಳೆದು ನನ್ನನ್ನು ಬಿಟ್ಟಳು.

ನನ್ನ ಗುಂಪಿನವರು ಸಾಲಾಗಿ ನಿಂತಿದ್ದರು. ಬೊಕ್ಕತಲೆ, ಬಿಳಿಗಡ್ಡ, ಮೊಣಕಾಲ ಮೇಲೆ ಶಸ್ತ್ರಕ್ರಿಯೆಯ ಗೀರು. ಪಕ್ಕದವನು ನನ್ನ ಭುಜ ತಟ್ಟಿ ಏನೋ ಹೇಳಿದ. ಏನೆಂದು ತಿಳಿಯಲಿಲ್ಲ, ಆದರೂ ನನಗೆ ಸಂತೋಷವಾಯಿತು. ಎದುರುದಾರರು ಹಾಜರಿದ್ದರು.

ತುಕ್ಕಾನಟ್ಟಿಯ ಬಾವಿಯಲ್ಲಿ ತಳ ಕಾಣುವುದಿಲ್ಲ. ಇಲ್ಲಿ ಕಾಣುತ್ತದೆ. ನೀರಲ್ಲಿ ಈಜಿದಂತಲ್ಲ, ಗಾಳಿಯಲ್ಲಿ ಜೋತುಬಿದ್ದಂತೆ ಅನಿಸಿ ಹೆದರಿಕೆಯಾಯಿತು. ಕಣ್ಣು ಮುಚ್ಚಿ ಕೈ ಬೀಸಿದೆ. ಅಲ್ಲಿ ನನ್ನ ಒಂದು ತಪ್ಪು ಬಯಲಾಯಿತು. ಬಾವಿ ದುಂಡಗಿರುತ್ತದೆ. ವರ್ಷಗಟ್ಟಲೆ ನಾನು ಬಲಕ್ಕೆ ಗೋಡೆ ಇಟ್ಟುಕೊಂಡು, ಗಾಣದ ಎತ್ತಿನಂತೆ ಎಡಕ್ಕೇ ತಿರುಗುತ್ತ ಈಜಿದವನು. ನಮ್ಮ ದೇಶದ ಎರಡೂ ಸ್ಪರ್ಧೆಗಳಲ್ಲಿ ಈಜುಕೊಳದ ತಳದ ಗೆರೆ ನನ್ನನ್ನು ನೇರ ಒಯ್ದಿತ್ತು. ಕಾಲುವೆಯಲ್ಲಿ ನೇರ ಹೋಗಬಹುದಿತ್ತು. ಆದರೆ ಅಲ್ಲಿ ನೀರೇ ಹೊತ್ತೊಯ್ಯುವುದರಿಂದ ಅದು ಅಭ್ಯಾಸವಲ್ಲ ಎಂದು ಬಿಟ್ಟಿದ್ದೆ. ಈಗ ಕೈಗಳು ತಮಗೆ ಗೊತ್ತಿದ್ದನ್ನೇ ಮಾಡಿದವು. ಎಲ್ಲರೂ ಕಿತ್ತಳೆ ಬಣ್ಣದ ಗುರುತಿನ ಕಡೆಗೆ ಹೋದರೆ ನಾನು ಎಡಗಡೆಯ ಹುಲ್ಲುಗಾವಲಿನ ಕಡೆಗೆ ಹೊರಟಿದ್ದೆ. ದೋಣಿಯವನೊಬ್ಬ ಬಂದು ಹುಟ್ಟಿನಿಂದ ದಿಕ್ಕು ತೋರಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ಬಂದ. ಆಮೇಲೆ ಅವನು ನನ್ನ ಎಡಗಡೆಗೇ ದೋಣಿ ಇಟ್ಟುಕೊಂಡು, ಹೋರಿಯನ್ನು ಬೆಳೆಗೆ ಬೀಳದಂತೆ ಹೊಡೆದುಕೊಂಡು ಹೋದ ಹಾಗೆ ದಂಡೆಯವರೆಗೆ ಬಂದ.

ದಂಡೆ ಮುಟ್ಟಿದಾಗ ಸಮಯ ಬಹಳ ಹೋಗಿತ್ತು. ಹೊತ್ತು ಮೀರಿದರೆ ಸೈಕಲ್ ಮುಟ್ಟಗೊಡುವುದಿಲ್ಲ. ಸೈಕಲ್ಲುಗಳ ಹುಲ್ಲಂಗಳಕ್ಕೆ ಓಡಿ, ರಬ್ಬರ್ ಅಂಗಿಯನ್ನು ಎಳೆದೆಳೆದು ತಿರುವುಮುರುವಾಗಿ ಕಿತ್ತೊಗೆದು, ಹೆಸರಿನ ಚೀಟಿ ಅಂಟಿಸಿದ ಬನಿಯನ್ ಏರಿಸಿಕೊಂಡು ಹೊರಟೆ.

ಗಾಲಿ

ಹಿಂದಿನಿಂದ ಗಂಟೆ ಕೇಳಿಸಿತು. ಎತ್ತಿನ ಬಂಡಿಗೆ ದಾರಿ ಬಿಡಲೆಂದು ಬದಿಗೆ ಸರಿದೆ. ಬಂಡಿ ಬರಲಿಲ್ಲ. ನೋಡಿದರೆ ರಸ್ತೆಬದಿಯ ಹೆಂಗಸರು ದನಗಳ ಕೊರಳ ಗಂಟೆಯನ್ನು ಕೈಯಲ್ಲಿ ಹಿಡಿದು ಬಾರಿಸುತ್ತಿದ್ದರು. ಓಡುವವರಿಗೆ ಹುರುಪು ಕೊಡುವ ಅವರ ರೀತಿ ಅದು. ಎದೆಯ ಚೀಟಿಯಲ್ಲಿ ಹೆಸರು ಓದಿ "ಈರಪ್ಪ! ಈರಪ್ಪ!" ಎಂದು ಕೂಗಿದರು. ಪರದೇಶದಲ್ಲಿ ಗುರುತಿಲ್ಲದವರ ಬಾಯಲ್ಲಿ ನಮ್ಮಪ್ಪ ಇಟ್ಟ ಹೆಸರು ಕೇಳಿ ತುಸು ನಾಚಿಕೆಯೂ ಆಯಿತು.

ಬಿಸಿಲು ಏರಿತ್ತು. ಮೊದಲ ಏರು ಮುಗಿಸಿ ನೀರಿನ ಬಾಟಲಿಗೆ ಕೈ ಹಾಕಿದೆ. ಏನನ್ನು ಕುಡಿಯುವ ಮೊದಲೂ ನನ್ನ ಬಲಗೈ ಒಮ್ಮೆ ಎದೆ ಮುಟ್ಟುತ್ತದೆ. ಅದು ನಾನು ಮಾಡುವುದಲ್ಲ, ಕೈ ಮಾಡುವುದು. ಈಗಲೂ ಮುಟ್ಟಿತು. ಅಲ್ಲಿ ಏನೂ ಇರಲಿಲ್ಲ.

ಬನಿಯನ್ನಿನ ಒಳಗೆ ಕೈ ಹಾಕಿ ತಡಕಿದೆ. ಕೊರಳಲ್ಲಿ ದಾರವೂ ಇಲ್ಲ. ಕೆರೆ ಬಹಳ ಹಿಂದೆ, ಬಹಳ ಕೆಳಗೆ ಹೊಳೆಯುತ್ತಿತ್ತು. ಬಾಟಲಿಯನ್ನು ತಿರುಗಿ ಅದರ ಜಾಗದಲ್ಲಿಟ್ಟೆ.

ಆಗ ನಾನು ಯೋಚನೆ ಮಾಡಿದ್ದೇನೆಂದು ಹೇಳಿದರೆ ಸುಳ್ಳಾಗುತ್ತದೆ. ಯೋಚನೆ ಆಮೇಲೆ ಬಂತು. ಕುಡಿದರೆ ಯಾರಿಗೆ ಗೊತ್ತಾಗುತ್ತದೆ, ಲಿಂಗ ಕಲ್ಪನೆಯಲ್ಲೂ ಇರುತ್ತದಲ್ಲ, ಸೋಮವಾರ ಊರಿಗೆ ಹೋಗಿ ಸ್ವಾಮಿಗಳಿಂದ ಹೊಸದು ಕಟ್ಟಿಸಿಕೊಂಡರಾಯಿತು, ಹೀಗೆ ನನ್ನ ಕಡೆಯ ವಾದಗಳೆಲ್ಲ ಬಲವಾಗಿಯೇ ಇದ್ದವು. ಎರಡನೆಯ ಸಲ ಬಾಟಲಿ ತೆಗೆದೆ. ತುಟಿಯವರೆಗೆ ತಂದೆ. ಗಂಟಲು ಒಪ್ಪಲಿಲ್ಲ. ನನಗೆ ಅಳು ಬಂತು. ದುಃಖಕ್ಕೋ ಸಿಟ್ಟಿಗೋ ತಿಳಿಯದು. ಸೈಕಲ್ ಮಾತ್ರ ತುಳಿಯುತ್ತಿದ್ದೆ. ದಾರಿಯಲ್ಲಿ ತಿನ್ನಲೆಂದು ಸೈಕಲ್ಲಿನ ದಂಡಕ್ಕೆ ನೀಲವ್ವ ಅಂಟಿಸಿಕೊಟ್ಟ ಕರದಂಟಿನ ತುಂಡುಗಳು ಹೋದ ಹಾಗೆಯೇ ವಾಪಸು ಬಂದವು.

ಕಾಲು

ಹುಲ್ಲಂಗಳದಲ್ಲಿ ಸೈಕಲ್ ನಿಲ್ಲಿಸಿ ಓಡಲು ಹೊರಟೆ. ಬೇಲಿಯ ಆಚೆಯಿಂದ ನೀಲವ್ವ ನನ್ನ ಕಡೆ ನೋಡಲಿಲ್ಲ, ಸೈಕಲ್ಲಿನ ಕಡೆ ನೋಡಿದಳು. ಬಾಟಲಿ ತುಂಬಿದ್ದಂತೆಯೇ ಇದೆ. ಕರದಂಟು ಅಂಟಿಸಿದಂತೆಯೇ ಇದೆ. ಅವಳ ಮುಖ ಬದಲಾದದ್ದು ನನಗೆ ಕಂಡಿತು. ನಿಂತು ಹೇಳುವಷ್ಟು ಹೊತ್ತಿರಲಿಲ್ಲ.

ಊರನ್ನು ಎರಡು ಸುತ್ತು ಹಾಕಬೇಕು. ಚರ್ಚಿನ ಮುಂದೆ ಮೇಜು ಇಟ್ಟು ಕಾಗದದ ಲೋಟದಲ್ಲಿ ನೀರು ಕೊಡುತ್ತಾರೆ. ಎಲ್ಲರೂ ಓಡುತ್ತಲೇ ಕಸಿದುಕೊಂಡು, ಅರ್ಧ ಕುಡಿದು, ಲೋಟವನ್ನು ಡಬ್ಬಿಗೆ ಎಸೆದು ಹೋಗುತ್ತಾರೆ. ನಮ್ಮಲ್ಲಿ ನೀರು ಕೊಟ್ಟವರ ಮುಖ ನೋಡದೆ ಹೋದರೆ ಮುನಿಸಿಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ನಾನು ನಿಂತು, ಕೈ ಮುಗಿದು, ಬೇಡವೆಂದು ಹೋದೆ. ಎರಡನೆಯ ಸುತ್ತಿಗೆ ಬರುವಷ್ಟರಲ್ಲಿ ನಾಲಿಗೆ ಅಂಗುಳಕ್ಕೆ ಅಂಟಿತ್ತು. ರಸ್ತೆಯ ಅಂಚು ಎರಡೆರಡಾಗಿ ಕಾಣುತ್ತಿತ್ತು. ಗಡ್ಡದ ಡಾಕ್ಟರನೊಬ್ಬ ಅಡ್ಡ ಬಂದು ನನ್ನ ರೆಟ್ಟೆ ಹಿಡಿದ.

"ನೀರು ಕುಡಿಯಿರಿ. ಇಲ್ಲವಾದರೆ ಇಲ್ಲಿಗೆ ಮುಗಿಯಿತು."

ಪಕ್ಕದಲ್ಲಿ ಆ ಬಿಳಿಗೂದಲ ನ್ಯಾಯಾಧೀಶೆಯೂ ನಿಂತಿದ್ದಳು. ನನ್ನ ಎದೆ ನೋಡಿದಳು. ಉಬ್ಬು ಇರಲಿಲ್ಲ.

"ನಿಮ್ಮ ದೇವರೆಲ್ಲಿ?" ಎಂದು ಕೇಳಿದಳು.

"ಕೆರೆಯಲ್ಲಿ."

ಯಾರೂ ನಗಲಿಲ್ಲ. ದೇವರಿಲ್ಲದೆ ನೀರು ಕುಡಿಯುವಂತಿಲ್ಲ ಎಂದು ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರನು ನನ್ನ ಎದೆಯ ಚೀಟಿ ಕಿತ್ತುಕೊಳ್ಳಲು ಕೈ ಹಾಕಿದ. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ನೀಲವ್ವ ಬಂದಳು. ಓಡಿ ಬಂದಿದ್ದಳು, ಅವಳಿಗೂ ಏದುಸಿರು.

"ಎಲ್ಲಿ ಹೋತ್ರಿ?"

"ನೀರಾಗ ಬಿತ್ತು ಕಾಣತೈತಿ. ಸೈಕಲ್ ಮ್ಯಾಲ ಗೊತ್ತಾತು."

"ಆವಾಗಿಂದ ಏನೂ ಕುಡದಿಲ್ಲ?"

ತಲೆ ಅಲ್ಲಾಡಿಸಿದೆ. ಬಯ್ಯುತ್ತಾಳೆಂದುಕೊಂಡೆ. ಅವಳು ಮೇಜಿನಿಂದ ಒಂದು ಲೋಟ ಎತ್ತಿ ಕೈ ತೊಳೆದಳು. ಕೊರಳಿನಿಂದ ತನ್ನ ಲಿಂಗವಸ್ತ್ರ ಬಿಚ್ಚಿ, ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಎರಡನೆಯ ಲೋಟ ಎತ್ತಿದಳು.

"ಅದು ನಿಂದು," ಎಂದೆ.

"ನಂದs ಐತಿ. ಲಿಂಗ ಕೊಡಾಕತ್ತಿಲ್ಲ ನಿಮಗ, ನೀರ್ ಕೊಡಾಕತ್ತೇನಿ. ಕೈ ಹಿಡೀರಿ."

"ಹಿಂಗ ನಡೀತೈತೇನು?"

"ನಿಡಸೋಸಿಗೆ ಹೋದಾಗ ಮಠದಾಗ ಕೇಳೂನು. ಮೊದಲ ಕುಡೀರಿ. ನೀವs ಇರಲಿಲ್ಲಂದ್ರ ಯಾರನ್ನ ಕರ್ಕೊಂಡ್ ಹೋಗಿ ಕೇಳ್ಲಿ?"

ಚರ್ಚಿನ ಮುಂದೆ, ನಡುರಸ್ತೆಯಲ್ಲಿ, ಅವಳು ಕಣ್ಣು ಮುಚ್ಚಿ ಮಂತ್ರ ಹೇಳಿಕೊಂಡು ಲಿಂಗದ ಮೇಲೆ ನೀರೆರೆದಳು. ಅವಳ ಬೆರಳ ಸಂದಿಯಿಂದ ಇಳಿದ ತೀರ್ಥ ನನ್ನ ಬೊಗಸೆಗೆ ಬಿತ್ತು. ಕುಡಿದೆ. ಇನ್ನೊಮ್ಮೆ ಎರೆದಳು. ಇನ್ನೊಮ್ಮೆ ಕುಡಿದೆ. ಗಂಟೆ ಬಾರಿಸುತ್ತಿದ್ದವರು ನಿಲ್ಲಿಸಿದ್ದರು. ಡಾಕ್ಟರ ನನ್ನ ಕಣ್ಣರೆಪ್ಪೆ ಎಳೆದು ನೋಡಿ, ಇನ್ನೂ ಒಂದು ಸಲ ಎಂದು ಬೆರಳು ತೋರಿಸಿದ. ಮೂರನೆಯ ಸಲ ಕುಡಿದ ಮೇಲೆ ರೆಟ್ಟೆ ಬಿಟ್ಟ.

ಬಿಳಿಗೂದಲ ಹೆಂಗಸು ನನ್ನ ಎದೆಯ ಚೀಟಿ ನೋಡಿ ಕಿಸೆಯಿಂದ ಪೆನ್ನು ತೆಗೆದಳು.

ಉಳಿದ ದಾರಿಯನ್ನು ಓಡಿದೆ ಎನ್ನುವುದಕ್ಕಿಂತ ಬೀಳದೆ ಹೋದೆ ಎನ್ನಬೇಕು. ಓಟ ಮುಗಿಯುವ ಗೆರೆಯ ಹತ್ತಿರ ನನ್ನ ಗುಂಪಿನ ಮುದುಕರೆಲ್ಲ ಕೊರಳಲ್ಲಿ ಪದಕ, ಬರಿಗಾಲು, ಸಾಲಾಗಿ ನಿಂತು ಕಾಯುತ್ತಿದ್ದರು. ಹೊತ್ತು ಮೀರಿರಲಿಲ್ಲ. ನನ್ನ ಹಿಂದೆ ಯಾರೂ ಇರಲಿಲ್ಲ. ಬೆಳಿಗ್ಗೆ ಭುಜ ತಟ್ಟಿದವನು ನನ್ನನ್ನು ಎತ್ತಿಯೇ ಬಿಟ್ಟ. ಕೊನೆಯವನು ನಾನು, ಮೊದಲನೆಯವನು ಬೇರೆ ಯಾರೋ. ಅದಕ್ಕಾಗಿಯೇ ಅಷ್ಟು ದೂರ ಬಂದದ್ದು. ಬಹಳ ಖುಷಿಯಾಯಿತು.

ಆಗ ನ್ಯಾಯಾಧೀಶೆ ಬಂದಳು. ಹಸ್ತಲಾಘವ ಮಾಡಿ, ನಿಧಾನವಾಗಿ, ನನಗೆ ತಿಳಿಯುವಂತೆ ಹೇಳಿದಳು. ನೀರು ನಮ್ಮದು, ಅದಕ್ಕೆ ತಕರಾರಿಲ್ಲ. ಆದರೆ ನಮ್ಮವರ ಕೈಯಿಂದ ಬರಬೇಕಿತ್ತು. ಹೊರಗಿನವರ ಸಹಾಯ ಪಡೆಯಬಾರದೆಂದು ಕಾಯ್ದೆ ಇದೆ. ನಿಮ್ಮ ಹೆಸರನ್ನು ಸಾಲಿನಿಂದ ತೆಗೆಯಬೇಕಾಗುತ್ತದೆ. ನೀವು ಅಪೀಲು ಹಾಕಬಹುದು. ಇಷ್ಟು ಹೇಳುವಾಗ ಆಕೆಯ ಕಣ್ಣು ತುಂಬಿತ್ತು. ನಾನೇ ಆಕೆಗೆ ಸಮಾಧಾನ ಹೇಳಿದೆ.

ಹೀಗೆ ನಾನು ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ ಎಂದಾಯಿತು.

ಸಂಜೆ, ಹೆಲ್ಗಾಳ ಮನೆ

ಬಾಡಿಗೆಯ ರಬ್ಬರ್ ಅಂಗಿಯನ್ನು ತೊಳೆದು ಕೊಡಬೇಕಿತ್ತು. ನೀಲವ್ವ ಬಚ್ಚಲಲ್ಲಿ ಕುಳಿತು ಅದರ ಮೇಲೆ ನೀರು ಸುರಿಯುತ್ತಿದ್ದಳು. ನಾನು ಬಾಗಿಲಿಗೆ ಒರಗಿ ಕುಳಿತಿದ್ದೆ. ಹೆಲ್ಗಾ ತಂದಿಟ್ಟ ಹಣ್ಣಿನ ರಸ ಹಾಗೇ ಇತ್ತು. ನೀಲವ್ವ ಮತ್ತೊಮ್ಮೆ ಲಿಂಗ ಬಿಚ್ಚಿದರೆ ಮಾತ್ರ ನನಗೆ ನೀರು.

"ಅಪೀಲ್ ಹಾಕ್ತೀರೇನ್ರಿ?"

"ಇಲ್ಲ. ತೀರ್ಪು ಬರೋಬ್ಬರಿ ಐತಿ. ಹೊರಗಿನವರ ಸಹಾಯ ತಗೋಬಾರ್ದು ಅಂತ ಮೊದಲs ಹೇಳಿದ್ರು. ನಾ ತಗೊಂಡೆ."

"ಹೊರಗಿನವರಂದ್ರ ಯಾರು?"

"ನೀನs."

ನೀರು ಸುರಿಯುವ ಸದ್ದು ನಿಂತಿತು.

"ಮದಿವ್ಯಾಗಿ ಇಷ್ಟ ವರ್ಷಾತು. ನಿಮ್ ನೋವಿನ ಕಾಲಿಗೆ ಎಣ್ಣಿ ತಿಕ್ಕಿದಾಕಿ, ನೀವು ಬಾವ್ಯಾಗ ಈಜಾಡುವಾಗ ದಂಡಿ ಮ್ಯಾಲ ಕಾದು ಕುಂತಾಕಿ. ನಾ ಹೊರಗಿನಾಕಿ ಹೆಂಗಾದೆ?"

ಅವಳು ಸಿಟ್ಟಿನಿಂದ ಅಂಗಿಯ ತೋಳನ್ನು ಎಳೆದು ತಿರುವಿದಳು. ನಾನು ಅವಸರದಲ್ಲಿ ಕಿತ್ತೊಗೆದಾಗ ತಿರುವುಮುರುವಾಗಿ ಮಡಚಿಕೊಂಡಿದ್ದ ತೋಳು ಅದು. ಒಳಗಿನಿಂದ ಹರಿದ ದಾರ ಇಳಿಬಿತ್ತು. ದಾರದ ಹಿಂದೆ ಒದ್ದೆ ಬಟ್ಟೆಯ ಸಣ್ಣ ಗಂಟು.

ಇಬ್ಬರೂ ಅದನ್ನೇ ನೋಡಿದೆವು. ಅದು ಕೆರೆಗೆ ಬಿದ್ದಿರಲೇ ಇಲ್ಲ. ನಾನು ಬಿಸಿಲಲ್ಲಿ ಬಾಯಿ ಒಣಗಿಸಿಕೊಂಡು ಓಡುವಾಗ ಅದು ಹುಲ್ಲಂಗಳದಲ್ಲಿ, ನನ್ನ ಸೈಕಲ್ ನಿಲ್ಲಿಸಿದ ಜಾಗದಲ್ಲಿಯೇ ತಣ್ಣಗೆ ಇತ್ತು. ಕೈ ಚಾಚಿದೆ.

"ಜಳಕಾ ಮಾಡಿ ಮುಟ್ರಿ," ಎಂದಳು.

ಜಳಕ ಮಾಡಿ ಬಂದು ಕುಳಿತೆ. ಲಿಂಗವನ್ನು ಅಂಗೈಯಲ್ಲಿ ಇಟ್ಟುಕೊಂಡೆ. ಆ ಸಂಜೆ ಪೂಜೆ ಬೇಗ ಮುಗಿಯಲಿಲ್ಲ. ಹೊರಗೆ ಚರ್ಚಿನ ಗಂಟೆ ಹೊಡೆದು ನಿಂತಿತು. ಗಂಟಲು ಉರಿಯುತ್ತಿತ್ತು. ಎರೆದ ನೀರನ್ನು ನಾನು ಮೊದಲು ಕುಡಿಯಲಿಲ್ಲ. ನೀಲವ್ವನನ್ನು ಕರೆದು, ಕೈ ಹಿಡಿ ಎಂದು, ಅವಳ ಅಂಗೈಗೆ ಹಾಕಿದೆ. ಇಷ್ಟು ವರ್ಷದಲ್ಲಿ ನಾನು ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಅವಳು ಕುಡಿದು, ಒದ್ದೆ ಕೈಯನ್ನು ನೆತ್ತಿಗೆ ಒರೆಸಿಕೊಂಡಳು.

"ಹಾಂ, ಈ ತೀರ್ಪು ಬರೋಬ್ಬರಿ ಐತಿ," ಎಂದಳು. "ಈಗ ನೀವು ಕುಡೀರಿ."